ಜಾವಾ ಕಲಿಯುವವರು ಲೈಬ್ರರಿ ಆರಿಸುವುದು ಹೇಗೆ: ಬ್ಯಾಡಗಿ ಮೆಣಸಿನಕಾಯಿ ಲೆಕ್ಕ ಹಿಡಿದು ಒಂದು ಮಾರ್ಗದರ್ಶಿ

ಜಾವಾದಲ್ಲಿ ಕ್ಲಾಸು, ಲೂಪು, ಅರೇಲಿಸ್ಟು, ಎಕ್ಸೆಪ್ಷನ್ನು ಇಷ್ಟು ಕೈಗೆ ಹತ್ತಿದ ಮೇಲೆ ಮಿನಿ ಪ್ರಾಜೆಕ್ಟಿನ ಹೊತ್ತಿಗೆ ಬರುವ ಪ್ರಶ್ನೆ: ಇದಕ್ಕೆ ಯಾವ ಲೈಬ್ರರಿ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡು, ಹಾಕಬೇಕು? ಹುಡುಕಿದರೆ ಒಂದೊಂದು ಕೆಲಸಕ್ಕೂ ಹತ್ತು ಹೆಸರು ಸಿಗುತ್ತವೆ. ಹಳೆಯ ವಿಡಿಯೋ ಒಂದನ್ನು ಹೇಳುತ್ತದೆ, ಸೀನಿಯರ್ ಬಿಟ್ಟುಹೋದ ಫೋಲ್ಡರಿನಲ್ಲಿ ಇನ್ನೊಂದು ಇರುತ್ತದೆ, ಎಐ ಚಾಟ್ ಮೂರನೆಯದನ್ನು ಬರೆದುಕೊಡುತ್ತದೆ. ಮೂರನ್ನೂ ಒಂದೇ ಪ್ರಾಜೆಕ್ಟಿಗೆ ತುರುಕಿದರೆ ಜಾರ್ ಫೈಲುಗಳ (ಲೈಬ್ರರಿ ಕಟ್ಟಿ ಕೊಡುವ ಫೈಲು) ಜಗಳ ಬಿಡಿಸುವುದರಲ್ಲೇ ಸೆಮಿಸ್ಟರ್ ಮುಗಿಯುತ್ತದೆ.

ಇಲ್ಲಿ ಒಂದೇ ಪ್ರೋಗ್ರಾಮ್ ಹಿಡಿದು ಹೋಗೋಣ. ಹಾವೇರಿ ಜಿಲ್ಲೆಯ ಬ್ಯಾಡಗಿ ಮಾರುಕಟ್ಟೆಗೆ ಬರುವ ಮೆಣಸಿನಕಾಯಿ ಲಾಟ್‌ಗಳ ಲೆಕ್ಕ. ಲಾಟ್ ನಂಬರು, ರೈತರ ಹೆಸರು, ಊರು, ಡಬ್ಬಿಯೋ ಕಡ್ಡಿಯೋ ಗುಂಟೂರೋ ಎಂಬ ತಳಿ, ಎಷ್ಟು ಚೀಲ, ಕ್ವಿಂಟಲ್ ತೂಕ, ಕ್ವಿಂಟಲ್ ದರ. ಎಕ್ಸೆಲ್‌ನಿಂದ ಸಿಎಸ್‌ವಿ (ಅಲ್ಪವಿರಾಮದಿಂದ ಕಾಲಂ ಬೇರ್ಪಡಿಸಿದ ಪಠ್ಯ ಫೈಲ್) ಆಗಿ ಬಂದ ಈ ದಾಖಲೆ ಓದಿ, ಮೊತ್ತ ಕಟ್ಟಿ, ಊರುವಾರು ಜೋಡಿಸಿ, ರೈತರ ಕೈಗೆ ಕನ್ನಡದಲ್ಲಿ ಪಟ್ಟಿ ಕೊಡಬೇಕು. ಕೆಲಸ ಸಣ್ಣದಾದರೂ, ಕಲಿಯುವವರಿಗೆ ಎದುರಾಗುವ ಲೈಬ್ರರಿ ಪ್ರಶ್ನೆಗಳು ಬಹುಪಾಲು ಇದರೊಳಗೇ ಇವೆ.

ಹೆಜ್ಜೆ 1: ಕೆಲಸವನ್ನು ಸಾಲಾಗಿ ಬರೆದುಕೊಳ್ಳಿ

"ಬಿಲ್ಲಿಂಗ್‌ಗೆ ಲೈಬ್ರರಿ ಬೇಕು" ಎಂದು ಹುಡುಕಿದರೆ ಉಪಯೋಗವಿಲ್ಲ. ಕೆಲಸವನ್ನು ಬಿಡಿಸಿ: ಫೈಲ್ ಓದು, ಸಾಲನ್ನು ಕಾಲಂಗಳಾಗಿ ಒಡೆ, ದಿನಾಂಕ ತಿಳಿ, ತೂಕವನ್ನು ದರದಿಂದ ಗುಣಿಸು, ಹಮಾಲಿ ಕಳೆ, ಊರಿನ ಹೆಸರು ಅಕಾರಾದಿಯಾಗಿ ಜೋಡಿಸು, ಮೊತ್ತವನ್ನು ಲಕ್ಷದ ಅಲ್ಪವಿರಾಮ ಹಾಕಿ ತೋರಿಸು, ಉಳಿಸು, ಮುದ್ರಿಸು. ಪ್ರತಿ ಸಾಲಿನ ಪಕ್ಕ ಜಾಗ ಬಿಡಿ. ಮುಂದಿನ ಹೆಜ್ಜೆಯಲ್ಲಿ ಅರ್ಧಕ್ಕಿಂತ ಹೆಚ್ಚು ಸಾಲುಗಳಿಗೆ "ಹೊರಗಿನದು ಬೇಡ" ಎಂದು ಬರೆಯಬೇಕಾಗುತ್ತದೆ.

ಹೆಜ್ಜೆ 2: ಮೊದಲು ಜೆಡಿಕೆ ಒಳಗೇ ಹುಡುಕಿ

ಜೆಡಿಕೆ ಎಂದರೆ ಜಾವಾ ಬರೆದು ಓಡಿಸಲು ಇನ್‌ಸ್ಟಾಲ್ ಮಾಡುವ ಕಿಟ್. ಅದರ ಜೊತೆಗೇ ಬರುವ ಲೈಬ್ರರಿ ಬಹಳ ದೊಡ್ಡದು. ಹೊಸಬರು ಹೊರಗಿನಿಂದ ತರುವ ಎಷ್ಟೋ ಸಾಮಾನು ಅದರಲ್ಲೇ ಇದೆ. ಹಳೆಯ ಪಾಠಗಳು ಜಾವಾ 6, 7ರ ಕಾಲದವು. ಆಗ ಇಲ್ಲದ್ದು ಈಗ ಒಳಗೇ ಬಂದಿದೆ ಎಂಬುದು ಆ ಪಾಠಗಳಿಗೆ ಗೊತ್ತಿರುವುದಿಲ್ಲ.

ದಿನಾಂಕದ ವಿಷಯ ನೋಡಿ. ಒಂದು ಕಾಲಕ್ಕೆ ಜೋಡಾ-ಟೈಮ್ ಎಂಬ ಲೈಬ್ರರಿ ಇಲ್ಲದೆ ಕೆಲಸ ಸಾಗುತ್ತಿರಲಿಲ್ಲ. 2014ರಲ್ಲಿ ಜಾವಾ 8 ಜೊತೆ ಜಾವಾ.ಟೈಮ್ ಪ್ಯಾಕೇಜ್ ಬಂತು. ಈಗ ಜೋಡಾ-ಟೈಮ್ ತಯಾರಿಸಿದವರೇ ಜಾವಾ.ಟೈಮ್ ಬಳಸಿ ಎನ್ನುತ್ತಾರೆ. ನಮ್ಮ ಲೆಕ್ಕದ ಮಾರಾಟ ದಿನಕ್ಕೆ ಲೋಕಲ್‌ಡೇಟ್ ಸಾಕು. ದಿನಾಂಕದ ಮಾದರಿ ಬರೆಯುವಾಗ ವರ್ಷಕ್ಕೆ ಸಣ್ಣಕ್ಷರದ ನಾಲ್ಕು ವೈ ಹಾಕಿ. ದೊಡ್ಡಕ್ಷರದ ವೈ ವಾರದ ಲೆಕ್ಕದ ವರ್ಷವನ್ನು ಕೊಡುತ್ತದೆ. ವರ್ಷವೆಲ್ಲ ಸರಿಯಾಗಿ ನಡೆದು ಡಿಸೆಂಬರ್ ಕೊನೆಯ ದಿನಗಳಲ್ಲಿ ಮಾತ್ರ ಮುಂದಿನ ವರ್ಷ ತೋರಿಸುತ್ತದೆ.

ಇಂಟರ್ನೆಟ್‌ನಿಂದ ದರ ತರಿಸಬೇಕಾದರೆ ಜಾವಾ 11ರಿಂದ ಎಚ್‌ಟಿಟಿಪಿಕ್ಲಯೆಂಟ್ ಒಳಗೇ ಇದೆ. ಒಂದು ಫೈಲನ್ನು ಪೂರ್ತಿ ಓದಲು ಫೈಲ್ಸ್.ರೀಡ್‌ಸ್ಟ್ರಿಂಗ್ ಸಹ 11ರಿಂದ ಇದೆ. ಖಾಲಿ ಪಟ್ಟಿಯೋ ಎಂದು ನೋಡುವುದು, ಅಕ್ಷರಗಳ ಆಚೀಚಿನ ಜಾಗ ಕತ್ತರಿಸುವುದು ಇಂಥ ಚಿಲ್ಲರೆ ಕೆಲಸಕ್ಕೆ ಕಾಮನ್ಸ್ ಲ್ಯಾಂಗ್, ಗ್ವಾವಾ ತರುವ ಅಗತ್ಯ ಈಗ ಬೀಳುವುದೇ ಅಪರೂಪ. ಗೆಟರ್-ಸೆಟರ್ ಬರೆಯುವ ಬೇಸರಕ್ಕೆ ಲಾಂಬಾಕ್ ಹಾಕಿಕೊಳ್ಳುವವರಿದ್ದಾರೆ. ಕಲಿಯುವ ಹಂತದಲ್ಲಿ ಅದು ಬೇಡ. ಲಾಟ್‌ನಂಥ ಸರಳ ದತ್ತಾಂಶಕ್ಕೆ ಜಾವಾ 16ರಿಂದ ರೆಕಾರ್ಡ್ ಇದೆ. ಲಾಂಬಾಕ್ ಜಾವಾ ಕಂಪೈಲರಿನ ಒಳಭಾಗಗಳಿಗೇ ಕೈಹಾಕಿ ಕೆಲಸ ಮಾಡುವುದರಿಂದ, ಜೆಡಿಕೆ ಹೊಸದಾದಾಗ ಹಳೆಯ ಲಾಂಬಾಕ್ ಕೆಟ್ಟು ನಿಲ್ಲುತ್ತದೆ. ಜೆಡಿಕೆ 21ಕ್ಕೆ ಲಾಂಬಾಕ್ 1.18.30 ಅಥವಾ ಮುಂದಿನದೇ ಬೇಕು.

ಹಣದ ಲೆಕ್ಕ ಎಲ್ಲಕ್ಕಿಂತ ಮುಖ್ಯ. ಡಬಲ್ ಬಳಸಬೇಡಿ. 0.1ಕ್ಕೆ 0.2 ಕೂಡಿಸಿದರೆ ಡಬಲ್ 0.30000000000000004 ಎನ್ನುತ್ತದೆ. ಒಂದು ಲಾಟ್‌ನಲ್ಲಿ ಕಾಣದ ಈ ವ್ಯತ್ಯಾಸ ಸಾವಿರ ಲಾಟ್ ಕೂಡಿಸಿದಾಗ ಪೈಸೆಯಾಗಿ ಮೇಲೆ ಬರುತ್ತದೆ, ರೈತರ ಪಟ್ಟಿಗೂ ಅಂಗಡಿಯ ಖಾತೆಗೂ ಹೊಂದುವುದಿಲ್ಲ. ಇದಕ್ಕೂ ಹೊರಗಿನ ಲೈಬ್ರರಿ ಬೇಕಿಲ್ಲ, ಬಿಗ್‌ಡೆಸಿಮಲ್ ಇದೆ. ಮೂರು ಎಚ್ಚರಿಕೆ: ಮೌಲ್ಯವನ್ನು ಉದ್ಧರಣ ಚಿಹ್ನೆಯೊಳಗೆ ಸ್ಟ್ರಿಂಗ್ ಆಗಿ ಕೊಡಿ, ಡಬಲ್ ಆಗಿ ಕೊಟ್ಟರೆ ತಪ್ಪು ಒಳಗೇ ಸೇರಿಕೊಳ್ಳುತ್ತದೆ. ಭಾಗಿಸುವಾಗ ಎಷ್ಟು ದಶಮಾಂಶ, ಹೇಗೆ ರೌಂಡ್ ಮಾಡಬೇಕು ಎಂದು ಹೇಳಿ. ಹೇಳದೆ 100ನ್ನು 3ರಿಂದ ಭಾಗಿಸಿದರೆ ಅರಿತ್‌ಮೆಟಿಕ್‌ಎಕ್ಸೆಪ್ಷನ್ ಬರುತ್ತದೆ. ಹೋಲಿಸುವಾಗ ಈಕ್ವಲ್ಸ್ ಬಿಟ್ಟು ಕಂಪೇರ್‌ಟು ಬಳಸಿ, ಏಕೆಂದರೆ ಈಕ್ವಲ್ಸ್ ಪಾಲಿಗೆ 2.0 ಮತ್ತು 2.00 ಬೇರೆ ಬೇರೆ. 3.45 ಕ್ವಿಂಟಲ್, ಕ್ವಿಂಟಲಿಗೆ 28,500 ರೂಪಾಯಿ ಎಂದು ಕೊಟ್ಟು ನೋಡಿ, 98,325 ಬರಬೇಕು.

ಒಳಗೆ ಇದ್ದು ಹೊರಗೆ ಹೋದವೂ ಇವೆ. ಎಕ್ಸ್‌ಎಂಎಲ್ ಕೆಲಸದ ಜ್ಯಾಕ್ಸ್‌ಬಿ ಮತ್ತು ಕಿಟಕಿ-ಬಟನ್ ಕೆಲಸದ ಜಾವಾಎಫ್‌ಎಕ್ಸ್ ಎರಡೂ ಜಾವಾ 11ರಲ್ಲಿ ಜೆಡಿಕೆ ಬಿಟ್ಟವು. ಜಾವಾ 8ರ ಪುಸ್ತಕ ಓದಿ 17ರಲ್ಲಿ ಓಡಿಸಿದರೆ "ಪ್ಯಾಕೇಜ್ ಇಲ್ಲ" ಎಂಬ ದೂರು ಬರುವುದು ಇದರಿಂದ. ನಿಮ್ಮ ಕೋಡಿನ ತಪ್ಪೇನೂ ಇರುವುದಿಲ್ಲ, ಆ ಲೈಬ್ರರಿಗಳನ್ನು ಈಗ ಬೇರೆಯಾಗಿ ಸೇರಿಸಬೇಕು ಅಷ್ಟೆ.

ಹೆಜ್ಜೆ 3: ಜಾರ್ ಫೈಲ್ ಕೈಯಿಂದ ಇಳಿಸಬೇಡಿ, ಮೇವನ್ ಹಾಕಿ

ಜಾಲದಿಂದ ಜಾರ್ ಇಳಿಸಿ ಲಿಬ್ ಫೋಲ್ಡರಿಗೆ ಹಾಕುವ ರೂಢಿ ಇನ್ನೂ ಇದೆ. ಒಂದು ಜಾರ್ ಮತ್ತೊಂದನ್ನು ಬೇಡುತ್ತದೆ, ಅದು ಇನ್ನೊಂದನ್ನು. ಕೈಯಿಂದ ಹುಡುಕುತ್ತ ಹೋದರೆ ಆವೃತ್ತಿ ಹೊಂದುವುದಿಲ್ಲ. ಮೇವನ್ ಅಥವಾ ಗ್ರೇಡಲ್ ಎಂಬ ಬಿಲ್ಡ್ ಉಪಕರಣಗಳು ಈ ಕೆಲಸ ತಾವೇ ಮಾಡುತ್ತವೆ. ಕಲಿಯುವವರಿಗೆ ಮೇವನ್ ಮೊದಲು ಬರಲಿ: ಎಲ್ಲ ಲೈಬ್ರರಿಗಳ ಪುಟದಲ್ಲೂ ಅದರ ತುಣುಕು ಸಿದ್ಧ ಇರುತ್ತದೆ, ಓದಲೂ ಸರಳ.

ಪ್ರಾಜೆಕ್ಟಿನ ಬುಡದಲ್ಲಿ ಮೇವನ್‌ಗೆ ಸೂಚನೆ ಬರೆಯುವ ಫೈಲ್ ಪಾಮ್.ಎಕ್ಸ್‌ಎಂಎಲ್ ಇರುತ್ತದೆ. ಅದರ ಪ್ರಾಪರ್ಟೀಸ್ ಭಾಗದಲ್ಲಿ ಎರಡು ಸಾಲು ಮೊದಲೇ ಹಾಕಿಬಿಡಿ. ಮೊದಲನೆಯದು ಮೇವನ್.ಕಂಪೈಲರ್.ರಿಲೀಸ್, ಬೆಲೆ 17 ಅಥವಾ 21. ಇದಿಲ್ಲದೆ ಹಳೆಯ ಕಂಪೈಲರ್ ಪ್ಲಗಿನ್ ಜಾವಾ 5ರ ನಿಯಮ ಹಿಡಿಯುತ್ತದೆ, "ಸೋರ್ಸ್ ಆಪ್ಷನ್ 5ಕ್ಕೆ ಈಗ ಬೆಂಬಲ ಇಲ್ಲ" ಎಂದು ನಿಲ್ಲುತ್ತದೆ. ಎರಡನೆಯದು ಪ್ರಾಜೆಕ್ಟ್.ಬಿಲ್ಡ್.ಸೋರ್ಸ್‌ಎನ್‌ಕೋಡಿಂಗ್, ಬೆಲೆ ಯುಟಿಎಫ್-8. ಕೋಡಿನೊಳಗೆ ಕನ್ನಡ ಬರೆಯುವ ನಮಗೆ ಇದು ಬೇಕೇಬೇಕು.

ಪ್ರತಿ ಲೈಬ್ರರಿಗೂ ಮೂರು ಗುರುತು: ಗ್ರೂಪ್‌ಐಡಿ ಎಂದರೆ ಯಾರದು, ಆರ್ಟಿಫ್ಯಾಕ್ಟ್‌ಐಡಿ ಎಂದರೆ ಯಾವುದು, ವರ್ಷನ್ ಎಂದರೆ ಎಷ್ಟನೆಯದು. ಈ ಮೂರೂ ಸರಿ ಇದ್ದರೆ ಮೇವನ್ ಸೆಂಟ್ರಲ್ ಎಂಬ ಸಾರ್ವಜನಿಕ ಭಂಡಾರದಿಂದ ಜಾರ್ ಇಳಿದು, ನಿಮ್ಮ ಹೋಮ್ ಫೋಲ್ಡರಿನ .ಎಂ2 ಎಂಬಲ್ಲಿ ಕೂರುತ್ತದೆ. ಮುಂದಿನ ಸಲ ಇಂಟರ್ನೆಟ್ ಕೇಳುವುದಿಲ್ಲ.

ಹೆಜ್ಜೆ 4: ಅಭ್ಯರ್ಥಿಗಳನ್ನು ತೂಗಿ ನೋಡಿ

ಈಗ ನಮ್ಮ ಪಟ್ಟಿಯಲ್ಲಿ ನಿಜವಾಗಿ ಹೊರಗಿನದು ಬೇಕಾದ ಮೊದಲ ಸಾಲು: ಸಿಎಸ್‌ವಿ. ಅಲ್ಪವಿರಾಮ ಕಂಡಲ್ಲಿ ಸ್ಪ್ಲಿಟ್ ಮಾಡಿದರೆ ಆಗದೇ? ಆಗದು. ಎಕ್ಸೆಲ್‌ನಲ್ಲಿ ಮೊತ್ತವನ್ನು 1,27,450 ಎಂದು ತೋರಿಸಿದ್ದರೆ ಸಿಎಸ್‌ವಿಯಲ್ಲಿ ಅದು ಉದ್ಧರಣ ಚಿಹ್ನೆಯೊಳಗೆ ಅಲ್ಪವಿರಾಮ ಸಮೇತ ಬರುತ್ತದೆ. ಸ್ಪ್ಲಿಟ್ ಅದನ್ನು ಮೂರು ಕಾಲಂ ಮಾಡಿ ಮುಂದಿನದೆಲ್ಲ ಎರಡು ಮನೆ ಸರಿಸಿಬಿಡುತ್ತದೆ. ವಿಳಾಸದೊಳಗೆ ಸಾಲು ಮುರಿದಿದ್ದರೆ ಇನ್ನೂ ಕಷ್ಟ. ಈ ನಿಯಮಗಳೆಲ್ಲ ಗೊತ್ತಿರುವ ಲೈಬ್ರರಿ ಇಲ್ಲಿ ಬೇಕು: ಅಪಾಚೆ ಕಾಮನ್ಸ್ ಸಿಎಸ್‌ವಿ, ಓಪನ್‌ಸಿಎಸ್‌ವಿ ಎರಡೂ ಹೆಸರಾದವು.

ಆರಿಸುವಾಗ ಲೈಬ್ರರಿಯ ಪುಟ ತೆರೆದು ಇವಿಷ್ಟನ್ನು ನೋಡಿ.

ಗ್ರೂಪ್‌ಐಡಿ ಅಧಿಕೃತವೇ? ಲೈಬ್ರರಿಯ ಸ್ವಂತ ಜಾಲತಾಣದಲ್ಲಿ ಬರೆದ ಗುರುತನ್ನೇ ನಕಲು ಮಾಡಿ. ಎಐ ಚಾಟ್ ಕೊಟ್ಟ ಗುರುತನ್ನು ಮೇವನ್ ಸೆಂಟ್ರಲ್‌ನಲ್ಲಿ ಹುಡುಕಿ ನೋಡದೆ ಹಾಕಬೇಡಿ. ಇಲ್ಲದ ಲೈಬ್ರರಿಯ ಹೆಸರನ್ನು, ಇಲ್ಲದ ಆವೃತ್ತಿಯನ್ನು ಅದು ನಂಬುವಂತೆ ಬರೆದುಕೊಡಬಲ್ಲದು.

ಹೆಸರು ಬದಲಾಗಿದೆಯೇ? ಇದು ಬಹಳ ಜನ ಎಡವುವ ಜಾಗ. ಕಾಮನ್ಸ್-ಲ್ಯಾಂಗ್ ಎಂಬ ಹಳೆಯ ಸಾಲು 2.6ಕ್ಕೆ ನಿಂತಿತು, ಈಗಿನದು ಕಾಮನ್ಸ್-ಲ್ಯಾಂಗ್3 ಎಂಬ ಬೇರೆ ಹೆಸರಿನಲ್ಲಿ ಬರುತ್ತದೆ. ಮೈಎಸ್‌ಕ್ಯೂಎಲ್ ಡೇಟಾಬೇಸಿನ ಡ್ರೈವರ್ 8.0.31ರಿಂದ ಮೈಎಸ್‌ಕ್ಯೂಎಲ್-ಕನೆಕ್ಟರ್-ಜೆ ಎಂದು ಹೆಸರು ಬದಲಿಸಿತು, ಗ್ರೂಪ್‌ಐಡಿಯೂ ಬದಲಾಯಿತು. ಸರ್ವ್‌ಲೆಟ್ (ಜಾವಾದಲ್ಲಿ ವೆಬ್ ಪುಟ ಕೊಡುವ ಕೆಲಸ) ಪ್ರಪಂಚದಲ್ಲಿ ಜಾವಾಎಕ್ಸ್ ಎಂದು ಶುರುವಾಗುತ್ತಿದ್ದ ಪ್ಯಾಕೇಜ್‌ಗಳು 2020ರ ಜಕಾರ್ತಾ ಇಇ 9ರಿಂದ ಜಕಾರ್ತಾ ಎಂದಾದವು. ಹಳೆಯ ಹೆಸರಿನ ಪಾಠ, ಹೊಸ ಹೆಸರಿನ ಸರ್ವರ್ ಎರಡನ್ನೂ ಕೂಡಿಸಿದರೆ ಪುಟ ತೆರೆಯುವುದೇ ಇಲ್ಲ.

ಕೊನೆಯ ಬಿಡುಗಡೆ ಯಾವಾಗ? ಜೇಸನ್ (JSON) ರೂಪದ ದತ್ತಾಂಶ ಓದಲು ಹಲವು ಪಾಠಗಳು ಇಂದಿಗೂ ಜೇಸನ್-ಸಿಂಪಲ್ ಹೇಳಿಕೊಡುತ್ತವೆ. ಅದರ 1.1.1 ಆವೃತ್ತಿ 2012ರದು, ಆಮೇಲೆ ಆ ಸಾಲು ಬೆಳೆಯಲಿಲ್ಲ. ಆದರೆ ಬಿಡುಗಡೆ ನಿಧಾನವಾದ ಮಾತ್ರಕ್ಕೆ ಲೈಬ್ರರಿ ಸತ್ತಿದೆ ಎನ್ನಬೇಡಿ. ಇದೇ ಕೆಲಸದ ಜೀಸನ್ (Gson) ಲೈಬ್ರರಿ ತಾನು ನಿರ್ವಹಣೆಯ ಹಂತದಲ್ಲಿದ್ದೇನೆ, ತಪ್ಪು ತಿದ್ದುತ್ತೇನೆ, ದೊಡ್ಡ ಹೊಸ ಸೌಲಭ್ಯ ಸೇರಿಸುವುದಿಲ್ಲ ಎಂದು ತನ್ನ ಪುಟದಲ್ಲೇ ಹೇಳುತ್ತದೆ. ಕಲಿಯುವವರಿಗೆ ಅದು ಒಳ್ಳೆಯ ಆಯ್ಕೆಯೇ: ಒಂದು ಸಣ್ಣ ಜಾರ್, ನಾಲ್ಕು ಸಾಲಿನಲ್ಲಿ ಕೆಲಸ. ಮುಂದೆ ವೆಬ್ ಕೆಲಸಕ್ಕೆ ಸ್ಪ್ರಿಂಗ್ ಬೂಟ್ ಕಲಿಯುವವರು ಜಾಕ್ಸನ್ ಎಂಬ ಜೇಸನ್ ಲೈಬ್ರರಿ ಹಿಡಿಯಲಿ, ಅಲ್ಲಿ ಅದೇ ಬರುತ್ತದೆ.

ಆವೃತ್ತಿ ಸಂಖ್ಯೆ ನಂಬಬಹುದೇ? ದೊಡ್ಡ ಸಂಖ್ಯೆ ಕಂಡ ಕೂಡಲೇ ಹೊಸದು ಎಂದುಕೊಳ್ಳಬೇಡಿ. ಕಾಮನ್ಸ್-ಐಓ ಪಟ್ಟಿಯಲ್ಲಿ 20030203.000550 ಎಂಬ ಆವೃತ್ತಿ ಇದೆ. ಸಂಖ್ಯೆಯಾಗಿ ಅದು 2ರಿಂದ ಶುರುವಾಗುವ ಎಲ್ಲ ಆವೃತ್ತಿಗಿಂತ ದೊಡ್ಡದು, ಆದರೆ ಆ ಸಂಖ್ಯೆಯೊಳಗಿರುವುದು 2003ರ ಫೆಬ್ರವರಿ 3ನೇ ತಾರೀಖು. ಗ್ವಾವಾದಲ್ಲಿ ಸಂಖ್ಯೆಯ ಬಾಲಕ್ಕೆ ಜೆಆರ್‌ಇ ಅಥವಾ ಆಂಡ್ರಾಯ್ಡ್ ಎಂದಿರುತ್ತದೆ. ಕಂಪ್ಯೂಟರ್ ಪ್ರೋಗ್ರಾಮಿಗೆ ಜೆಆರ್‌ಇ ಬಾಲದ್ದನ್ನು ತೆಗೆದುಕೊಳ್ಳಿ. ಆಲ್ಫಾ, ಬೀಟಾ, ಆರ್‌ಸಿ, ಎಂ1 ಎಂದಿದ್ದರೆ ಅದು ಪರೀಕ್ಷೆಯ ಆವೃತ್ತಿ, ಕಲಿಯುವವರಿಗೆ ಬೇಡ.

ಯಾವ ಜಾವಾ ಬೇಕು? ಕೆಲವು ಲ್ಯಾಬ್‌ಗಳಲ್ಲಿ ಇನ್ನೂ ಜಾವಾ 8 ಇದೆ. ಮನೆಯ ಲ್ಯಾಪ್‌ಟಾಪಿನಲ್ಲಿ 21 ಇಟ್ಟುಕೊಂಡು ಮಾಡಿದ ಪ್ರಾಜೆಕ್ಟ್ ಲ್ಯಾಬಿನಲ್ಲಿ ಓಡದೆ ಹೋದರೆ ಪರೀಕ್ಷೆಯ ದಿನ ಪೇಚು. ಲೈಬ್ರರಿಯ ಪುಟದಲ್ಲಿ ಕನಿಷ್ಠ ಜಾವಾ ಎಷ್ಟು ಎಂದು ಬರೆದಿರುತ್ತದೆ, ಡೆಮೊ ಎಲ್ಲಿ ಕೊಡಬೇಕೋ ಆ ಯಂತ್ರದ ಆವೃತ್ತಿಗೆ ಹೊಂದಿಸಿ.

ಗಿಟ್‌ಹಬ್‌ನ ನಕ್ಷತ್ರಗಳ ಎಣಿಕೆಗೆ ನಾವು ಹೆಚ್ಚು ಬೆಲೆ ಕೊಡುವುದಿಲ್ಲ. ಕೊನೆಯ ಕೆಲವು ಇಶ್ಯೂಗಳನ್ನು (ಬಳಕೆದಾರರ ದೂರು, ಪ್ರಶ್ನೆ) ತೆರೆದು ಓದಿ: ಕೇಳಿದವರಿಗೆ ಉತ್ತರ ಸಿಗುತ್ತಿದೆಯೇ, "ಆರ್ಕೈವ್ಡ್" ಎಂಬ ಪಟ್ಟಿ ಮೇಲೆ ಬಿದ್ದಿದೆಯೇ, ಮೊದಲ ಪುಟದಲ್ಲೇ ಓಡುವಂಥ ಉದಾಹರಣೆ ಇದೆಯೇ ಎಂಬುದರಿಂದ ಹೆಚ್ಚು ತಿಳಿಯುತ್ತದೆ.

ನಮ್ಮ ಲೆಕ್ಕಕ್ಕೆ ಕಾಮನ್ಸ್ ಸಿಎಸ್‌ವಿ ಸಾಕು. ಸಾಲುಗಳನ್ನು ನೇರವಾಗಿ ಜಾವಾ ಆಬ್ಜೆಕ್ಟ್ ಮಾಡಿಕೊಡಬೇಕೆಂದರೆ ಓಪನ್‌ಸಿಎಸ್‌ವಿ ಅನುಕೂಲ, ಆದರೆ ಕಲಿಯುವಾಗ ಆ ಕೆಲಸವನ್ನು ಕೈಯಿಂದ ಬರೆಯುವುದೇ ಮೇಲು.

ಹೆಜ್ಜೆ 5: ಪ್ರಾಜೆಕ್ಟಿಗೆ ಸೇರಿಸುವ ಮೊದಲು ಬೇರೆ ಫೋಲ್ಡರಿನಲ್ಲಿ ಇಪ್ಪತ್ತು ಸಾಲು

ಖಾಲಿ ಮೇವನ್ ಪ್ರಾಜೆಕ್ಟ್ ತೆರೆದು, ಆ ಒಂದೇ ಲೈಬ್ರರಿ ಸೇರಿಸಿ, ನಿಮ್ಮ ನಿಜವಾದ ಫೈಲಿನ ಹತ್ತು ಸಾಲು ಕೊಟ್ಟು ಓಡಿಸಿ. ಸುಲಭದ ಸಾಲು ಬೇಡ, ಕಷ್ಟದ್ದನ್ನೇ ಆರಿಸಿ: ಉದ್ಧರಣ ಚಿಹ್ನೆಯೊಳಗಿನ "28,500", ಖಾಲಿ ಬಿಟ್ಟ ತೂಕ, ಹೆಸರಿನೊಳಗೆ ಅಲ್ಪವಿರಾಮ, ಕನ್ನಡದ ಶೀರ್ಷಿಕೆ ಸಾಲು.

ಇಲ್ಲೇ ಒಂದು ಕಗ್ಗಂಟು ಸಿಕ್ಕೀತು. ಮೊದಲ ಕಾಲಂ "ಲಾಟ್" ಫೈಲಿನಲ್ಲಿ ಕಣ್ಣಿಗೆ ಕಾಣುತ್ತಿದ್ದರೂ "ಲಾಟ್ ಎಂಬ ಕಾಲಂ ಇಲ್ಲ" ಎಂಬ ಎರರ್. ಎಕ್ಸೆಲ್‌ನಲ್ಲಿ "ಸಿಎಸ್‌ವಿ ಯುಟಿಎಫ್-8" ಎಂದು ಉಳಿಸಿದಾಗ ಫೈಲಿನ ಶುರುವಿಗೆ ಬಾಮ್ ಎಂಬ ಕಾಣದ ಗುರುತು ಸೇರುತ್ತದೆ. ಅದು ಮೊದಲ ಶೀರ್ಷಿಕೆಗೆ ಅಂಟಿಕೊಳ್ಳುವುದರಿಂದ ಹೆಸರು ಹೊಂದುವುದಿಲ್ಲ. ಕಾಮನ್ಸ್-ಐಓದ ಬಾಮ್‌ಇನ್‌ಪುಟ್‌ಸ್ಟ್ರೀಮ್ ಮೂಲಕ ಫೈಲ್ ಓದಿದರೆ ಗುರುತು ಕಳಚುತ್ತದೆ. ಬರಿಯ ಈ ಒಂದು ಕೆಲಸಕ್ಕೆ ಇನ್ನೊಂದು ಲೈಬ್ರರಿ ಬೇಡ ಎನಿಸಿದರೆ, ಓದಿದ ಪಠ್ಯದ ಮೊದಲ ಅಕ್ಷರ ಯುನಿಕೋಡ್ ಎಫ್‌ಇಎಫ್‌ಎಫ್ ಆಗಿದ್ದರೆ ತೆಗೆದುಹಾಕುವ ಒಂದೇ ಸಾಲು ನೀವೇ ಬರೆಯಬಹುದು. ನಮ್ಮ ಒಲವು ಎರಡನೆಯದಕ್ಕೆ.

ದರದ ಕಾಲಂನಲ್ಲಿ ಬಂದ "28,500" ಅನ್ನು ಹಾಗೇ ಬಿಗ್‌ಡೆಸಿಮಲ್‌ಗೆ ಕೊಟ್ಟರೆ ನಂಬರ್‌ಫಾರ್ಮ್ಯಾಟ್‌ಎಕ್ಸೆಪ್ಷನ್. ಅಲ್ಪವಿರಾಮ ತೆಗೆದು ಕೊಡಿ.

ಈ ಪ್ರಯೋಗಗಳನ್ನು ಜೆಯೂನಿಟ್ ಎಂಬ ಪರೀಕ್ಷೆಯ ಲೈಬ್ರರಿಯಲ್ಲಿ ಟೆಸ್ಟ್ ಆಗಿ ಬರೆದಿಟ್ಟರೆ ಮುಂದೆ ಆವೃತ್ತಿ ಬದಲಿಸಿದಾಗ ಮತ್ತೆ ಓಡಿಸಿ ನೋಡಬಹುದು. ಪಾಮ್.ಎಕ್ಸ್‌ಎಂಎಲ್‌ನಲ್ಲಿ ಜೆಯೂನಿಟ್‌ನ ಸ್ಕೋಪ್ "ಟೆಸ್ಟ್" ಎಂದಿರಲಿ. ಇಂಪೋರ್ಟ್ ಸಾಲು ನೋಡಿಕೊಳ್ಳಿ: ಜೆಯೂನಿಟ್ 4ರ ಟೆಸ್ಟ್ ಗುರುತು ಆರ್ಗ್.ಜೆಯೂನಿಟ್ ಒಳಗಿದೆ, 5ರದು ಆರ್ಗ್.ಜೆಯೂನಿಟ್.ಜುಪಿಟರ್.ಎಪಿಐ ಒಳಗಿದೆ. ಎರಡನ್ನೂ ಬೆರೆಸಿದರೆ, ಅಥವಾ ಟೆಸ್ಟ್ ಓಡಿಸುವ ಶ್ಯೂರ್‌ಫೈರ್ ಪ್ಲಗಿನ್ 2.22.0ಕ್ಕಿಂತ ಹಳೆಯದಾದರೆ, ಎರರ್ ಏನೂ ಬಾರದೆ "ಓಡಿದ ಟೆಸ್ಟ್: 0" ಎಂದು ಬಿಲ್ಡ್ ಹಸಿರಾಗುತ್ತದೆ. ಆ ಸೊನ್ನೆಯನ್ನು ಗಮನಿಸದಿದ್ದರೆ ಎಲ್ಲ ಸರಿ ಇದೆ ಎಂಬ ಭ್ರಮೆ.

ಹೆಜ್ಜೆ 6: ಜೊತೆಗೆ ಏನೇನು ಬಂತು ನೋಡಿ

ಎಂವಿಎನ್ ಡಿಪೆಂಡೆನ್ಸಿ:ಟ್ರೀ ಎಂಬ ಕಮಾಂಡ್ ಕೊಡಿ. ನೀವು ಬರೆದ ಒಂದು ಹೆಸರಿನ ಕೆಳಗೆ ಅದು ಎಳೆದುಕೊಂಡು ಬಂದವೆಲ್ಲ ಕೊಂಬೆಯಾಗಿ ಕಾಣುತ್ತವೆ. ಒಂದೇ ಲೈಬ್ರರಿಯನ್ನು ಇಬ್ಬರು ಬೇರೆ ಬೇರೆ ಆವೃತ್ತಿಯಲ್ಲಿ ಬೇಡಿದರೆ ಮೇವನ್ ನಿಮ್ಮ ಪ್ರಾಜೆಕ್ಟಿಗೆ ಹತ್ತಿರದ ಕೊಂಬೆಯಲ್ಲಿರುವುದನ್ನು ಇಟ್ಟುಕೊಳ್ಳುತ್ತದೆ. ಹೊಸದನ್ನೇ ಇಟ್ಟುಕೊಳ್ಳುತ್ತದೆ ಎಂಬ ನಂಬಿಕೆ ತಪ್ಪು.

ಸಿಎಸ್‌ವಿ ಬಿಟ್ಟು ನೇರವಾಗಿ ಎಕ್ಸೆಲ್ ಫೈಲನ್ನೇ ಓದಲು ಅಪಾಚೆ ಪಿಓಐ ಸೇರಿಸಿದಾಗ ಈ ಮರ ಒಮ್ಮೆಗೇ ದೊಡ್ಡದಾಗುತ್ತದೆ. ಹಳೆಯ ಎಕ್ಸ್‌ಎಲ್‌ಎಸ್‌ಗೆ ಪಿಓಐ ಒಂದೇ ಸಾಕು, ಈಗಿನ ಎಕ್ಸ್‌ಎಲ್‌ಎಸ್‌ಎಕ್ಸ್‌ಗೆ ಪಿಓಐ-ಊಕ್ಸ್‌ಎಂಎಲ್ ಬೇಕು. ಎರಡರ ಆವೃತ್ತಿ ಸಂಖ್ಯೆ ಅಕ್ಷರಶಃ ಒಂದೇ ಇರಬೇಕು, ಇಲ್ಲದಿದ್ದರೆ ಓಡುವಾಗ ನೋಸಚ್‌ಮೆಥಡ್‌ಎರರ್ ಬರುತ್ತದೆ. ಪಿಓಐ 5.1ರಿಂದ ಅದು ಲಾಗ್‌ಫೋರ್‌ಜೆ ಎಪಿಐ (ಪ್ರೋಗ್ರಾಮ್ ಓಡುವಾಗ ನಡೆದದ್ದನ್ನು ಬರೆದಿಡುವ, ಅಂದರೆ ಲಾಗಿಂಗ್ ಕೆಲಸದ್ದು) ತರುತ್ತದೆ. ಅದರ ಹಿಂದೆ ಕೆಲಸ ಮಾಡುವ ಜಾರ್ ಸಿಗದೆ ಕೆಂಪು ಸಾಲೊಂದು ಬಂದರೆ ಹೆದರಬೇಡಿ, ಎಕ್ಸೆಲ್ ಓದುವುದಕ್ಕೆ ಅಡ್ಡಿಯಿಲ್ಲ.

ಲಾಗಿಂಗ್ ಲೈಬ್ರರಿಗಳಲ್ಲಿ ಮಾತಾಡುವ ಭಾಗ ಬೇರೆ, ಬರೆಯುವ ಭಾಗ ಬೇರೆ. ಎಸ್‌ಎಲ್‌ಎಫ್‌ಫೋರ್‌ಜೆ ಮಾತಾಡುವ ಭಾಗ ಮಾತ್ರ; "ಪ್ರೊವೈಡರ್ ಸಿಗಲಿಲ್ಲ" ಎಂದರೆ ಬರೆಯುವ ಭಾಗ ಸೇರಿಸಿಲ್ಲ ಎಂದರ್ಥ. ಕಲಿಯುವವರಿಗೆ ಎಸ್‌ಎಲ್‌ಎಫ್‌ಫೋರ್‌ಜೆ-ಸಿಂಪಲ್ ಸಾಕು. ಎಸ್‌ಎಲ್‌ಎಫ್‌ಫೋರ್‌ಜೆ 2 ಇಟ್ಟು ಲಾಗ್‌ಬ್ಯಾಕ್ 1.2 ಹಾಕಿದರೂ ಇದೇ ದೂರು ಬರುತ್ತದೆ, 1.3 ಅಥವಾ ಮುಂದಿನದು ಬೇಕು. ಹಳೆಯ ಪ್ರಾಜೆಕ್ಟಿನಿಂದ ಲಾಗ್‌ಫೋರ್‌ಜೆ-ಕೋರ್ ನಕಲು ಮಾಡುವವರು ಆವೃತ್ತಿ ನೋಡಲೇಬೇಕು. 2021ರ ಡಿಸೆಂಬರಿನಲ್ಲಿ ಬಯಲಾದ ಲಾಗ್‌ಫೋರ್‌ಶೆಲ್ ದೋಷ 2.14.1ರವರೆಗಿನ ಆವೃತ್ತಿಗಳಲ್ಲಿತ್ತು: ಲಾಗ್‌ನಲ್ಲಿ ಬರೆಸಿದ ಒಂದು ಸಾಲಿನಿಂದಲೇ ಹೊರಗಿನವರು ನಿಮ್ಮ ಯಂತ್ರದಲ್ಲಿ ತಮ್ಮ ಕೋಡ್ ಓಡಿಸಬಹುದಿತ್ತು. 2.17.1ಕ್ಕಿಂತ ಕೆಳಗಿನದನ್ನು ಮುಟ್ಟಬೇಡಿ.

ಉಳಿಸುವ ಕೆಲಸಕ್ಕೆ ಎಸ್‌ಕ್ಯೂಲೈಟ್ ಎಂಬ ಸಣ್ಣ ಡೇಟಾಬೇಸ್ ಸಾಕು. ಡೇಟಾಬೇಸ್ ಜೊತೆ ಮಾತಾಡುವ ಜೆಡಿಬಿಸಿ ಜೆಡಿಕೆಯೊಳಗೇ ಇದೆ, ಆರ್ಗ್.ಜೆರಿಯಲ್ ಗುಂಪಿನ ಎಸ್‌ಕ್ಯೂಲೈಟ್-ಜೆಡಿಬಿಸಿ ಡ್ರೈವರ್ ಸೇರಿಸಿದರೆ ಸರ್ವರ್ ಬೇಡ, ಪಾಸ್‌ವರ್ಡ್ ಬೇಡ, ಎಲ್ಲ ಒಂದೇ ಫೈಲಿನಲ್ಲಿ.

ಹೆಜ್ಜೆ 7: ಕನ್ನಡದ ಪರೀಕ್ಷೆ

ಹೊರಗಿನ ಪಾಠಗಳಲ್ಲಿ ಸಿಗದ ಹೆಜ್ಜೆ ಇದು, ನಮ್ಮ ಕಡೆಯ ಪ್ರಾಜೆಕ್ಟುಗಳಿಗೆ ಅತಿ ಮುಖ್ಯ.

ಮೊತ್ತ ತೋರಿಸುವುದು ನೋಡಿ. ಜಾವಾದ ಡೆಸಿಮಲ್‌ಫಾರ್ಮ್ಯಾಟ್‌ಗೆ ಲಕ್ಷದ ಮಾದರಿ ಬರೆದುಕೊಟ್ಟರೂ ಅದು 1,27,450ರ ಬದಲು 127,450 ಎಂದೇ ತೋರಿಸುತ್ತದೆ. ಮಾದರಿಯಲ್ಲಿ ಎಷ್ಟು ಅಲ್ಪವಿರಾಮ ಹಾಕಿದರೂ ಕೊನೆಯ ಗುಂಪಿನ ಅಳತೆ ಮಾತ್ರ ಅದು ಹಿಡಿಯುತ್ತದೆ ಎಂದು ಅದರ ದಾಖಲೆಯೇ ಹೇಳುತ್ತದೆ. ಕೊನೆಯ ಗುಂಪು ಮೂರು, ಉಳಿದವು ಎರಡೆರಡು ಎಂಬ ನಮ್ಮ ಕ್ರಮ ಅದಕ್ಕೆ ಬಾರದು. ಜೆಡಿಕೆ ಸೋಲುವುದು ಇಲ್ಲಿ. ಹಲವು ಭಾಷೆಗಳ ಬರಹದ ರೂಢಿ ಬಲ್ಲ ಐಸಿಯುಫೋರ್‌ಜೆ ಲೈಬ್ರರಿಯ ಡೆಸಿಮಲ್‌ಫಾರ್ಮ್ಯಾಟ್ ಅದೇ ಮಾದರಿಗೆ ಸರಿಯಾಗಿ 1,27,450 ಕೊಡುತ್ತದೆ. ಇಂಪೋರ್ಟ್ ಮಾಡುವಾಗ ಎರಡಕ್ಕೂ ಒಂದೇ ಹೆಸರು, ಐಡಿಇ (ಕೋಡ್ ಬರೆಯುವ ಸಾಫ್ಟ್‌ವೇರ್) ಜಾವಾದ್ದನ್ನು ಹಾಕಿಬಿಟ್ಟರೆ ಲೈಬ್ರರಿ ಸೇರಿಸಿಯೂ ಫಲವಿಲ್ಲ.

ಊರುಗಳನ್ನು ಅಕಾರಾದಿಯಲ್ಲಿ ಜೋಡಿಸುವಾಗ ಕಂಪೇರ್‌ಟು ಯುನಿಕೋಡ್ ಸಂಖ್ಯೆ ನೋಡುತ್ತದೆ. ಯುನಿಕೋಡ್‌ನಲ್ಲಿ ಳ ಅಕ್ಷರ ಲ ಮತ್ತು ವ ನಡುವೆ ಕೂತಿದೆ, ನಮ್ಮ ವರ್ಣಮಾಲೆಯಲ್ಲಿ ಹ ಆದ ಮೇಲೆ. ಹಾಗಾಗಿ ಬಸವನ ಬಾಗೇವಾಡಿಗಿಂತ ಮೊದಲು ಬಳ್ಳಾರಿ ಬಂದು ನಿಲ್ಲುತ್ತದೆ. ಐಸಿಯುಫೋರ್‌ಜೆಯ ಕೊಲೇಟರ್‌ಗೆ (ಅಕಾರಾದಿ ಜೋಡಿಸುವ ಕ್ಲಾಸು) ಕನ್ನಡದ ಲೊಕೇಲ್ (ಭಾಷೆಯ ಗುರುತು) ಕೊಟ್ಟು ಈ ಎರಡು ಊರುಗಳನ್ನೇ ಟೆಸ್ಟ್‌ನಲ್ಲಿ ಇಡಿ. ಅದರ ಜಾರ್ 10 ಎಂಬಿಗಿಂತ ದೊಡ್ಡದು. ಬರಿಯ ಅಲ್ಪವಿರಾಮಕ್ಕಾಗಿ ಅಷ್ಟು ಭಾರ ಬೇಡವೆಂದರೆ ಲಕ್ಷದ ಗುಂಪು ಹಾಕುವ ಮೆಥಡ್ ನೀವೇ ಹತ್ತು ಸಾಲಿನಲ್ಲಿ ಬರೆಯಿರಿ, ಒಳ್ಳೆಯ ಅಭ್ಯಾಸ. ಅಕಾರಾದಿ ಕ್ರಮವೂ ಬೇಕಾದರೆ ಐಸಿಯುಫೋರ್‌ಜೆ ತನ್ನ ಜಾಗ ಗಳಿಸಿಕೊಳ್ಳುತ್ತದೆ.

ಹೆಸರಿನ ಉದ್ದ ನೋಡಿ ಕಾಲಂ ಅಗಲ ಹಾಕುವವರು ಗಮನಿಸಿ: "ಹುಬ್ಬಳ್ಳಿ" ಕಣ್ಣಿಗೆ ಮೂರಕ್ಷರ, ಲೆಂಗ್ತ್ ಕೇಳಿದರೆ ಜಾವಾ 9 ಎನ್ನುತ್ತದೆ. ಒತ್ತು, ಸ್ವರಚಿಹ್ನೆ ಎಲ್ಲ ಅದಕ್ಕೆ ಬೇರೆ ಬೇರೆ.

ವಿಂಡೋಸ್‌ನ ಕಪ್ಪು ಕಿಟಕಿಯಲ್ಲಿ ಕನ್ನಡದ ಬದಲು ಪ್ರಶ್ನಾರ್ಥಕ ಚಿಹ್ನೆ ಬಂದರೆ ಲೈಬ್ರರಿಯನ್ನು ದೂರಬೇಡಿ. ಜಾವಾ 18ರಿಂದ ಫೈಲ್ ಓದುವ ಬರೆಯುವ ಕೆಲಸಕ್ಕೆ ಯುಟಿಎಫ್-8 ತಾನಾಗಿ ಬಂದಿದೆ, ಕಿಟಕಿಗೆ ಬರೆಯುವುದು ಮಾತ್ರ ಇನ್ನೂ ಆ ಕಿಟಕಿಯ ಎನ್‌ಕೋಡಿಂಗ್ ಮೇಲೇ ನಿಂತಿದೆ. ಫಲಿತಾಂಶವನ್ನು ಫೈಲಿಗೆ ಬರೆದು ಎಡಿಟರಿನಲ್ಲಿ ತೆರೆದು ನೋಡಿ. 17 ಅಥವಾ ಹಿಂದಿನದಾದರೆ ಫೈಲ್ ತೆರೆಯುವ ಕಡೆಯೆಲ್ಲ ಯುಟಿಎಫ್-8 ಎಂದು ಬರೆದು ಹೇಳಿ.

ಮುದ್ರಣದ್ದು ಬೇರೆಯೇ ಕಥೆ. ಪಿಡಿಎಫ್ ಲೈಬ್ರರಿ ಆರಿಸುವ ಮುನ್ನ "ಹುಬ್ಬಳ್ಳಿ", "ಲಕ್ಷ್ಮೇಶ್ವರ", "ರಾಣೆಬೆನ್ನೂರು" ಈ ಮೂರು ಪದ ಬರೆಸಿ ನೋಡಿ. ಕನ್ನಡ ಫಾಂಟ್ ಸೇರಿಸಿದರೆ ಸಾಲದು. ಒತ್ತಕ್ಷರ ಕೆಳಗಿಳಿಸಿ ಜೋಡಿಸುವ ಕೆಲಸವನ್ನು ಲೈಬ್ರರಿ ಮಾಡಬೇಕು. ಮಾಡದ ಲೈಬ್ರರಿಯಲ್ಲಿ ಅಕ್ಷರದ ಪಕ್ಕ ಅರ್ಧಾಕ್ಷರ ಬಿಡಿಬಿಡಿಯಾಗಿ ನಿಲ್ಲುತ್ತದೆ. ಕಲಿಯುವವರಿಗೆ ನಮ್ಮ ಸಲಹೆ: ಪಟ್ಟಿಯನ್ನು ಎಚ್‌ಟಿಎಂಎಲ್ ಫೈಲಾಗಿ ಬರೆದು ಬ್ರೌಸರಿನಿಂದ ಮುದ್ರಿಸಿ. ಬ್ರೌಸರಿಗೆ ಕನ್ನಡ ಜೋಡಿಸಲು ಬರುತ್ತದೆ, ಹೊರಗಿನ ಲೈಬ್ರರಿ ಒಂದೂ ಬೇಕಾಗುವುದಿಲ್ಲ. ಗದಗಿನ ಮುದ್ರಣಾಲಯಗಳ ಕೆಲಸಕ್ಕೆ ಪ್ರೋಗ್ರಾಮ್ ಬರೆಯುವವರಿಗೆ ಇನ್ನೊಂದು ಮಾತು: ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಕಡತ ಯುನಿಕೋಡ್ ಆಗಿರದಿದ್ದರೆ ಜಾವಾಗೆ ಅದು ಇಂಗ್ಲಿಷ್ ಅಕ್ಷರಗಳ ಗೊಂದಲವಾಗಿ ಕಾಣುತ್ತದೆ. ಮೊದಲು ಯುನಿಕೋಡ್‌ಗೆ ಪರಿವರ್ತಿಸಿ, ಆಮೇಲೆ ಉಳಿದದ್ದು.

ಎರರ್ ಓದುವ ಬಗೆ

ಅನ್‌ಸಪೋರ್ಟೆಡ್‌ಕ್ಲಾಸ್‌ವರ್ಷನ್‌ಎರರ್ ಬಂದರೆ ಅದರೊಳಗಿನ ಸಂಖ್ಯೆ ನೋಡಿ: 52 ಎಂದರೆ ಜಾವಾ 8, 55 ಎಂದರೆ 11, 61 ಎಂದರೆ 17, 65 ಎಂದರೆ 21. "ಫೈಲು 61, ನನಗೆ ಗೊತ್ತಿರುವುದು 52ರವರೆಗೆ" ಎಂದರೆ ಲೈಬ್ರರಿ 17ಕ್ಕೆ ಮಾಡಿದ್ದು, ನೀವು ಓಡಿಸುತ್ತಿರುವುದು 8ರಲ್ಲಿ. ನೋಕ್ಲಾಸ್‌ಡೆಫ್‌ಫೌಂಡ್‌ಎರರ್ ಎಂದರೆ ಕಂಪೈಲ್ ಆಗುವಾಗ ಇದ್ದ ಜಾರ್ ಓಡುವಾಗ ಇಲ್ಲ. ನೋಸಚ್‌ಮೆಥಡ್‌ಎರರ್ ಎಂದರೆ ಜಾರ್ ಇದೆ, ಆವೃತ್ತಿ ಬೇರೆ, ಡಿಪೆಂಡೆನ್ಸಿ:ಟ್ರೀಗೆ ಹಿಂತಿರುಗಿ.

ಇಂಟರ್ನೆಟ್ ಕೈಕೊಟ್ಟಾಗ

ಇಳಿಸುವಾಗ ನಡುವೆ ಕಡಿದುಹೋದರೆ ಮೇವನ್ ಆ ಸೋಲನ್ನೂ ನೆನಪಿಟ್ಟುಕೊಳ್ಳುತ್ತದೆ. ನೆಟ್ ಬಂದ ಮೇಲೂ "ಹಿಂದಿನ ಪ್ರಯತ್ನದಲ್ಲಿ ಸಿಗಲಿಲ್ಲ" ಎಂದೇ ಹೇಳುತ್ತದೆ. ಕಮಾಂಡಿಗೆ ದೊಡ್ಡಕ್ಷರದ -ಯು ಸೇರಿಸಿ ಓಡಿಸಿದರೆ ಮತ್ತೆ ಪ್ರಯತ್ನಿಸುತ್ತದೆ. ಜಾರ್ ಅರ್ಧ ಇಳಿದು ಜಿಪ್ ಎರರ್ ಬಂದರೆ .ಎಂ2 ಒಳಗೆ ಆ ಆವೃತ್ತಿಯ ಫೋಲ್ಡರ್ ಒಂದನ್ನೇ ಅಳಿಸಿ.

ಕಾಲೇಜಿನ ಜಾಲದಲ್ಲಿ ಪ್ರಾಕ್ಸಿ ಇದ್ದರೆ ಬ್ರೌಸರಿನಲ್ಲಿ ಹಾಕಿದ್ದು ಮೇವನ್‌ಗೆ ತಿಳಿಯುವುದಿಲ್ಲ; .ಎಂ2 ಒಳಗಿನ ಸೆಟ್ಟಿಂಗ್ಸ್.ಎಕ್ಸ್‌ಎಂಎಲ್‌ನಲ್ಲಿ ಪ್ರಾಕ್ಸಿಯ ವಿಳಾಸ, ಪೋರ್ಟ್ ಬರೆಯಬೇಕು. "ಪಿಕೆಐಎಕ್ಸ್ ಪಾತ್ ಬಿಲ್ಡಿಂಗ್ ಫೇಲ್ಡ್" ಎಂದರೆ ಸಾಮಾನ್ಯವಾಗಿ ನಡುವಿನ ಫೈರ್‌ವಾಲ್ ತನ್ನ ಪ್ರಮಾಣಪತ್ರ ತೋರಿಸುತ್ತಿದೆ, ಜಾವಾ ಅದನ್ನು ನಂಬುತ್ತಿಲ್ಲ. ಮೊಬೈಲ್ ಹಾಟ್‌ಸ್ಪಾಟ್‌ನಿಂದ ಒಮ್ಮೆ ಇಳಿಸಿಕೊಂಡರೆ ಕೆಲಸ ನಡೆಯುತ್ತದೆ. "501" ಎಂದರೆ ಹಳೆಯ ಪಾಠದಿಂದ ನಕಲಾದ ವಿಳಾಸ ಎಚ್‌ಟಿಟಿಪಿ ಎಂದಿದೆ; 2020ರ ಜನವರಿಯಿಂದ ಮೇವನ್ ಸೆಂಟ್ರಲ್ ಎಚ್‌ಟಿಟಿಪಿಎಸ್ ಮಾತ್ರ ಒಪ್ಪುತ್ತದೆ.

ಊರಿಗೆ ಹೋಗಿ ನೆಟ್ ಇಲ್ಲದೆ ಕೆಲಸ ಮಾಡಬೇಕೆಂದರೆ ಹೊರಡುವ ಮೊದಲು ಡಿಪೆಂಡೆನ್ಸಿ:ಗೋ-ಆಫ್‌ಲೈನ್ ಕೊಟ್ಟು ನಿಶ್ಚಿಂತರಾಗಬೇಡಿ. ಟೆಸ್ಟ್ ಓಡಿಸುವ ಕೆಲವು ಜಾರ್‌ಗಳು ಟೆಸ್ಟ್ ಓಡುವಾಗಲೇ ಇಳಿಯುತ್ತವೆ, ಆ ಕಮಾಂಡ್ ಅವನ್ನು ಬಿಟ್ಟುಬಿಡುತ್ತದೆ. ಕನಿಷ್ಠ ಒಂದು ಟೆಸ್ಟ್ ಇಟ್ಟುಕೊಂಡು ಎಂವಿಎನ್ ವೆರಿಫೈ ಪೂರ್ತಿ ಓಡಿಸಿ, ಆಮೇಲೆ ಸಣ್ಣಕ್ಷರದ -ಓ ಸೇರಿಸಿ ಮತ್ತೊಮ್ಮೆ ಓಡಿಸಿ. ಎರಡನೆಯದೂ ಪಾಸಾದರೆ ನೆಟ್ ಇಲ್ಲದೆಯೂ ನಡೆಯುತ್ತದೆ.

ಪರವಾನಗಿ ಮತ್ತು ನವೀಕರಣ

ಅಭ್ಯಾಸದ ಪ್ರಾಜೆಕ್ಟ್ ನಾಳೆ ಅಡತಿ ಅಂಗಡಿಯೊಂದಕ್ಕೆ ದುಡ್ಡಿಗೆ ಹೋದೀತು, ಅದಕ್ಕೇ ಲೈಸೆನ್ಸ್ ಮೊದಲೇ ನೋಡಿ. ಅಪಾಚೆ 2.0, ಎಂಐಟಿ ಇದ್ದರೆ ತೊಂದರೆಯಿಲ್ಲ, ಲೈಸೆನ್ಸಿನ ಪ್ರತಿ, ನೋಟಿಸ್ ಫೈಲ್ ಇದ್ದರೆ ಅದನ್ನೂ ಜೊತೆಗಿಡಿ. ಪಿಡಿಎಫ್‌ನ ಐಟೆಕ್ಸ್ಟ್ 5ನೇ ಆವೃತ್ತಿಯಿಂದ ಎಜಿಪಿಎಲ್: ಅದನ್ನು ಸೇರಿಸಿದ ಪ್ರೋಗ್ರಾಮನ್ನು ಹಂಚಿದರೆ ನಿಮ್ಮ ಮೂಲ ಕೋಡನ್ನೂ ಅದೇ ಶರತ್ತಿನಲ್ಲಿ ಕೊಡಬೇಕು, ಇಲ್ಲವೇ ವಾಣಿಜ್ಯ ಪರವಾನಗಿ ಕೊಳ್ಳಬೇಕು.

ಹೊಸ ಆವೃತ್ತಿ ಬಂದಿದೆಯೇ ಎಂದು ತಿಳಿಯಲು ಎಂವಿಎನ್ ವರ್ಷನ್ಸ್:ಡಿಸ್‌ಪ್ಲೇ-ಡಿಪೆಂಡೆನ್ಸಿ-ಅಪ್‌ಡೇಟ್ಸ್ ಕಮಾಂಡ್ ಇದೆ. ಕಾಮನ್ಸ್-ಐಓ ಸೇರಿಸಿದ್ದರೆ ಅದು 2003ರ ಆ ಆವೃತ್ತಿಯನ್ನೇ ಹೊಸದೆಂದು ತೋರಿಸಬಹುದು, ಹುಷಾರು. ಒಂದು ಸಲಕ್ಕೆ ಒಂದೇ ಲೈಬ್ರರಿ ಬದಲಿಸಿ, ಟೆಸ್ಟ್ ಓಡಿಸಿ, ಗಿಟ್‌ನಲ್ಲಿ ಕಮಿಟ್ ಮಾಡಿ, ಆಮೇಲೆ ಮುಂದಿನದು. ಮೊದಲ ಅಂಕಿಯೇ ಬದಲಾಗಿದ್ದರೆ ಬಿಡುಗಡೆಯ ಟಿಪ್ಪಣಿ ಓದದೆ ಮುಟ್ಟಬೇಡಿ. ಪ್ರಾಜೆಕ್ಟ್ ಸಲ್ಲಿಸುವ ವಾರದಲ್ಲಿ ಯಾವುದನ್ನೂ ಬದಲಿಸಬೇಡಿ.